ಭಾನುವಾರದ ಉಪ್ಪುನೀರು

ಆಗಸ್ಟ್ 7, ಭಾನುವಾರ

ಮಗಳು ಸಂಜೆ ಅಪ್ಪನ ಮನೆಯಿಂದ ಬಂದವಳು ಶೂ ಬಿಚ್ಚುವ ಮೊದಲೇ ಶುರುಮಾಡಿದಳು. ಆಂಟಿಯ ತೊಟ್ಟಿಗೆ ಎರಡು ಕ್ಲೌನ್ ಮೀನು ಬಂದಿವೆಯಂತೆ. ಕಿತ್ತಳೆ ಮೈ, ಬಿಳಿ ಪಟ್ಟೆ, ಈಜುವುದೇ ಇಲ್ಲವಂತೆ, ಬರೀ ತೂಗಾಡುವುದಂತೆ. ಆಂಟಿ ಹೀಗಂದರು, ಆಂಟಿ ಹಾಗಂದರು. ಊಟ ಮುಗಿಯುವ ತನಕ ಅವಳ ಬಾಯಿಗೆ ತುತ್ತಿಗಿಂತ ಹೆಚ್ಚು ಸಲ ಆಂಟಿಯೇ ಬಂದಳು.

ಆಂಟಿ ಅಂದರೆ ಇವಳ ಅಪ್ಪ ನನ್ನಿಂದ ಬೇರೆಯಾದ ಮೇಲೆ ಕಟ್ಟಿಕೊಂಡವಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ನಾನು ಅವಳಿಗೆ ಎಕ್ಸ್‌ರೇ ಎಂದೇ ಹೆಸರಿಟ್ಟಿದ್ದೇನೆ, ಇಲ್ಲಿ ಬರೆಯುವುದಕ್ಕೆ ಮಾತ್ರ. ಒಂದೆರಡು ಸಲ ಕಾರಿನ ಕಿಟಕಿಯಲ್ಲಿ ನೋಡಿದ್ದೇನೆ. ಉದ್ದ ಮುಖ, ಮೂಗಿನ ಮೇಲಿಂದ ಜಾರುತ್ತಲೇ ಇರುವ ಕನ್ನಡಕ. ಕನ್ನಡಕದಂಗಡಿಯಲ್ಲಿ ಇಷ್ಟು ವರ್ಷ ಫ್ರೇಮು ಬಗ್ಗಿಸಿದವಳ ಕಣ್ಣಿಗೆ ಮೊದಲು ಬೀಳುವುದು ಅದೇ. ಯಾವನೋ ಪುಣ್ಯಾತ್ಮ ಮೂಗಿನ ಅಳತೆ ನೋಡದೆ ಕೊಟ್ಟಿದ್ದಾನೆ. ನೋಡಿ ಒಳಗೊಳಗೇ ಖುಷಿಪಟ್ಟಿದ್ದೆ.

ಈಗ ಮಗಳು ವಾರವೆಲ್ಲ ನನ್ನ ಜೊತೆ, ಶನಿವಾರ ಭಾನುವಾರ ಅಲ್ಲಿ. ಬರುವ ವರ್ಷ ಅವಳು ಸೇರಬೇಕಾದ ದೊಡ್ಡ ಶಾಲೆ ಇರುವುದು ಅವರ ಬೀದಿಯಲ್ಲಿ. ಅದಕ್ಕೆ ಅವಳ ಅಪ್ಪ ಒಂದು ಮಾತಿಟ್ಟ: ವಾರವೆಲ್ಲ ಯಾವ ಮನೆಯಲ್ಲಿರಬೇಕು ಅಂತ ಈ ವರ್ಷದ ಪರೀಕ್ಷೆ ಮುಗಿದ ಮೇಲೆ ಅವಳೇ ಹೇಳಲಿ, ಹದಿಮೂರು ವರ್ಷದವಳು, ಬುದ್ಧಿ ಬಂದಿದೆ. ನಾನು ಧಾರಾಳವಾಗಿ ಒಪ್ಪಿಕೊಂಡೆ. ಒಪ್ಪಿಕೊಂಡಾಗ ಆ ಮನೆಯಲ್ಲಿ ಮೀನು ಇರಲಿಲ್ಲ.

ಆಗಸ್ಟ್ 13, ಶನಿವಾರ

ತಂದೇಬಿಟ್ಟೆ. ಮೂರಡಿ ಉದ್ದದ ಗಾಜಿನ ತೊಟ್ಟಿ. ಎಕ್ಸ್‌ರೇಯದು ಎರಡೂವರೆ ಅಡಿ ಅಂತೆ. ಮಗಳ ಬಾಯಿಂದ ನಾಜೂಕಾಗಿ ಅಳತೆ ತೆಗೆಸಿಕೊಂಡಿದ್ದೆ. ಹಾಲ್‌ನಲ್ಲಿ ಟೀವಿ ಇದ್ದ ಜಾಗ ಅದಕ್ಕೆ ಹೋಯಿತು, ಟೀವಿ ನನ್ನ ಕೋಣೆಯ ಕುರ್ಚಿ ಏರಿತು.

ಮೀನಿನಂಗಡಿಯವನು ಉಪ್ಪಿನ ಬಕೆಟ್ಟು, ಹೀಟರು, ಪಂಪು, ತೂತು ಬಿದ್ದ ಕಲ್ಲುಗಳು ಎಲ್ಲವನ್ನೂ ಹೊರಿಸಿದ. ಕೊನೆಗೆ ಮೀನು ಕೊಡಪ್ಪಾ ಅಂದರೆ, ಈಗಲೇ ಇಲ್ಲ, ನೀರು ಹದಕ್ಕೆ ಬರಬೇಕು, ಒಂದು ತಿಂಗಳಾದರೂ ಕಾಯಬೇಕು ಅಂದ. ಒಂದು ತಿಂಗಳು ಉಪ್ಪುನೀರಲ್ಲಿ ಕಲ್ಲು ನೋಡುತ್ತಾ ಕೂರಬೇಕು. ಹೊಟ್ಟೆಕಿಚ್ಚಿಗೆ ಅಷ್ಟೆಲ್ಲ ತಾಳ್ಮೆ ಇರುವುದಿಲ್ಲ ಎಂದು ಅವನಿಗೆ ಹೇಗೆ ಹೇಳಲಿ?

ಆಗಸ್ಟ್ 14, ಭಾನುವಾರ

ಮಗಳು ಬಂದಳು, ತೊಟ್ಟಿ ನೋಡಿದಳು, ಒಂದು ಸುತ್ತು ಹಾಕಿದಳು. ಕುಣಿಯುತ್ತಾಳೆ ಎಂದುಕೊಂಡಿದ್ದೆ.

"ಆಂಟೀನ ಕೇಳ್ಕೊಂಡು ತಂದ್ಯಾ?" ಅಂದಳು.

ಅಷ್ಟೇ. ಮೈಯೆಲ್ಲ ಉರಿದುಹೋಯಿತು.

ಸೆಪ್ಟೆಂಬರ್ 24, ಶನಿವಾರ

ಇವತ್ತು ಮೀನು ತಂದೆ. ನಾಳೆ ಮಗಳು ಬರುವ ಹೊತ್ತಿಗೆ ಇರಲಿ ಎಂದು ಅಂಗಡಿಗೆ ಅರ್ಧ ದಿನ ರಜೆ ಹಾಕಿದೆ.

ಮೀನಿನಂಗಡಿಯವನ ಹತ್ತಿರ ಮರಿಗಳ ದೊಡ್ಡ ಹಿಂಡೇ ಇತ್ತು. ಪಕ್ಕದಲ್ಲಿ ಬೇರೆ ಬೇರೆ ತೊಟ್ಟಿಯಲ್ಲಿ ಒಂಟಿಯಾಗಿ ಎರಡು ದೊಡ್ಡವು, ಗುಂಡುಗುಂಡಗೆ, ನೋಡಿದರೆ ದೃಷ್ಟಿಯಾಗುವ ಹಾಗೆ. ಒಂದು ದೊಡ್ಡದು ಒಂದು ಮರಿ ತಗೊಳ್ಳಿ, ಜೋಡಿಯಾಗುತ್ತವೆ ಅಂದ. ನಾನೇಕೆ ಮರಿ ತರಲಿ? ಎಕ್ಸ್‌ರೇ ಮನೆಯ ಎರಡರಲ್ಲಿ ಒಂದು ನರಪೇತಲ ಎಂದು ಮಗಳೇ ಹೇಳಿದ್ದಾಳೆ. ನಮ್ಮ ಮನೆಯವು ಎರಡೂ ಪುಷ್ಟವಾಗಿರಲಿ. ದೊಡ್ಡವೇ ಎರಡು ಕೊಡಿ ಅಂದೆ. ಅವನು ಏನೋ ಹೇಳಲು ಬಾಯಿ ತೆರೆದ, ನನ್ನ ಮುಖ ನೋಡಿ ಸುಮ್ಮನಾದ. ಗಿರಾಕಿಯ ಮುಖ ನೋಡಿ ಬಾಯಿ ಮುಚ್ಚಿಕೊಳ್ಳುವುದು ನಮ್ಮ ಅಂಗಡಿಯಲ್ಲೂ ಉಂಟು. ಕನ್ನಡಕ ಕೊಳ್ಳುವವರು ಮುಖಕ್ಕೆ ಒಪ್ಪದ ಫ್ರೇಮನ್ನೇ ಹಟ ಹಿಡಿದಾಗ ನಾನೂ ಚೆನ್ನಾಗಿದೆ ಎಂದೇ ಹೇಳುತ್ತೇನೆ.

ಸೆಪ್ಟೆಂಬರ್ 27, ಮಂಗಳವಾರ

ಇಂಥ ಅವಮಾನ ಹಿಂದೆಂದೂ ಆಗಿಲ್ಲ.

ಕೆಲಸ ಮುಗಿಸಿ ಮನೆಗೆ ಬಂದರೆ ನನ್ನ ಹಾಲ್‌ನಲ್ಲಿ, ನನ್ನ ಸ್ಟೂಲಿನ ಮೇಲೆ, ನನ್ನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಬಿಟ್ಟುಕೊಂಡು ಎಕ್ಸ್‌ರೇ ನಿಂತಿದ್ದಾಳೆ. ಆಸ್ಪತ್ರೆಯ ಬಿಳಿ ಕೋಟು ನನ್ನ ಸೋಫಾದ ಮೇಲೆ. ಪಕ್ಕದಲ್ಲಿ ಮಗಳು, ಅತ್ತು ಅತ್ತು ಕಣ್ಣು ಊದಿಸಿಕೊಂಡು, ಟಾರ್ಚ್ ಹಿಡಿದಿದ್ದಾಳೆ. ಶಾಲೆಯಿಂದ ಬಂದು ನೋಡಿದಾಗ ಒಂದು ಮೀನು ಇನ್ನೊಂದರ ರೆಕ್ಕೆ ಕಚ್ಚಿ ಹರಿದು, ಅದು ಮೂಲೆಯಲ್ಲಿ ನೀರಿನ ಮೇಲ್ಗಡೆ ಬಾಯಿ ಬಿಡುತ್ತಿತ್ತಂತೆ. ಫೋನ್ ಮಾಡಿದ್ದು ಅವಳಿಗೆ. ನನಗಲ್ಲ. ನಿಂಗೆ ಮಾಡಿದ್ರೆ ನಿಂಗೇನು ಗೊತ್ತಾಗುತ್ತೆ ಅಂತ ಮಗಳ ವಾದ. ವಾದ ಸರಿಯಾಗಿಯೇ ಇದೆ, ಅದಕ್ಕೇ ಇನ್ನೂ ಉರಿ.

ಎಕ್ಸ್‌ರೇ ಗಾಯದ ಮೀನನ್ನು ಲೋಟದಲ್ಲಿ ಹಿಡಿದು ಬಕೆಟ್ಟಿಗೆ ಬಿಟ್ಟಳು. ಆಮೇಲೆ ಕನ್ನಡಕ ಮೇಲೆ ತಳ್ಳಿ, ಮೆಲ್ಲಗೆ ವಿವರಿಸಿದಳು. ಈ ಜಾತಿಯ ಮೀನು ಹುಟ್ಟುವಾಗಲೇ ಹೆಣ್ಣಾಗಿರುವುದಿಲ್ಲವಂತೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು ಹೆಣ್ಣಾಗುತ್ತದೆ, ಅದಕ್ಕೆ ತಗ್ಗಿ ನಡೆಯುವ ಚಿಕ್ಕದು ಗಂಡಾಗುತ್ತದೆ. ಒಂಟಿಯಾಗಿ ಬೆಳೆದರೂ ಹೆಣ್ಣೇ.

"ಒಂದ್ಸಲ ಹೆಣ್ಣಾದ್ಮೇಲೆ ವಾಪಸ್ ಹೋಗಕ್ಕಾಗಲ್ಲ. ಎರಡು ಹೆಣ್ಣು ಒಂದೇ ತೊಟ್ಟೀಲಿ ಬದುಕಲ್ಲ," ಅಂದಳು.

ಹೇಳುವಾಗ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಎರಡು ಮಾತು ಕೇಳಿಬಿಡುತ್ತಿದ್ದೆ.

ಬಕೆಟ್ಟಿಗೆ ಮುಚ್ಚಳ ಹಾಕಿ ಹೊರಟಳು. ತನ್ನ ಮನೆಯಲ್ಲಿ ಬೇರೆ ಇಟ್ಟು ವಾಸಿ ಮಾಡುತ್ತಾಳಂತೆ. ಮಗಳು ಸಾಲದು ಅಂತ ಮೀನನ್ನೂ ಕರೆದುಕೊಂಡು ಹೋದಳು.

ಅಕ್ಟೋಬರ್ 9, ಭಾನುವಾರ

ಮಗಳನ್ನು ಬಿಡಲು ಬಂದ ಎಕ್ಸ್‌ರೇ ಈ ಸಲ ಕಾರಿನಿಂದ ಇಳಿದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಆ ಗಾಯದ ಮೀನಿನ ಬದಲಿಗೆ ಉಗುರಿನಷ್ಟು ಉದ್ದದ ಮರಿ. ಬೇಡ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ.

ಮರಿಯನ್ನು ನೇರವಾಗಿ ಬಿಡುವ ಹಾಗಿಲ್ಲವಂತೆ. ತೂತುಗಳಿರುವ ಒಂದು ಡಬ್ಬಿಯನ್ನು ತೊಟ್ಟಿಯೊಳಗೇ ತೂಗುಹಾಕಿ, ಮರಿಯನ್ನು ಅದರಲ್ಲಿ ಬಿಟ್ಟಳು. ಒಂದಕ್ಕೊಂದು ಕಾಣಬೇಕು, ಕಚ್ಚಲು ಸಿಗಬಾರದು. ದೊಡ್ಡದು ಬಂದು ಡಬ್ಬಿಗೆ ಡಿಕ್ಕಿ ಹೊಡೆಯಿತು, ಹಿಂದೆ ಹೋಗಿ ಮತ್ತೆ ಹೊಡೆಯಿತು. ನನಗೆ ಅದರ ಮೇಲೆ ಪ್ರೀತಿ ಉಕ್ಕಿತು. ಕೇಳದೆ ಕರೆಯದೆ ಮನೆಯೊಳಗೆ ಇನ್ನೊಬ್ಬಳನ್ನು ತಂದು ಕೂರಿಸಿದರೆ ಯಾರು ತಾನೇ ಸುಮ್ಮನಿರುತ್ತಾರೆ?

ಎಕ್ಸ್‌ರೇಗೆ ನೀರು ಬೇಕಾ ಎಂದು ಕೇಳಿದೆ. ಕುಡಿದಳು. ಲೋಟ ತಾನೇ ತೊಳೆದಿಟ್ಟಳು. ನಾಟಕ.

ಅಕ್ಟೋಬರ್ 16, ಭಾನುವಾರ

ಡಬ್ಬಿಯಿಂದ ಮರಿಯನ್ನು ಬಿಡುವ ದಿನ. ನಾನೇ ಬಿಡುತ್ತೇನೆ ಅಂದೆ ಮಗಳಿಗೆ. ಆಂಟಿ ಇರಲಿ, ಏನಾದ್ರೂ ಆದ್ರೆ ಅಂದಳು. ಆಯಿತು, ಮಹಾರಾಣಿಯವರು ಇರಲಿ.

ಬಿಟ್ಟ ತಕ್ಷಣ ದೊಡ್ಡದು ಬಾಣದ ಹಾಗೆ ಬಂತು. ಮರಿ ಓಡಿತು, ಕಲ್ಲಿನ ಸಂದಿ ಸೇರಿತು, ಅಲ್ಲಿಗೂ ಬೆನ್ನಟ್ಟಿತು. ನಾನು ಕೈ ಹಾಕಲು ಹೋದೆ. ಎಕ್ಸ್‌ರೇ ನನ್ನ ಮಣಿಕಟ್ಟು ಹಿಡಿದು, ಒಂದು ನಿಮಿಷ, ಒಂದೇ ನಿಮಿಷ ಅಂದಳು. ಆಗ ಮರಿ ಓಡುವುದನ್ನು ನಿಲ್ಲಿಸಿ, ಮಗ್ಗುಲಾಗಿ, ಮೈಯೆಲ್ಲ ಗಡಗಡ ನಡುಗಿಸಿತು. ಚಳಿಜ್ವರ ಬಂದವರ ಹಾಗೆ. ದೊಡ್ಡದು ನಿಂತಿತು, ಮೂಸಿತು, ತಿರುಗಿ ಹೋಯಿತು.

ನೀನೇ ದೊಡ್ಡವಳು, ನನ್ನದೇನೂ ಇಲ್ಲ ಅಂತ ಅದು ಹೇಳುವ ರೀತಿ ಅಂತೆ. ಅಷ್ಟು ಹೇಳಿದರೆ ಸಾಕು, ಜೀವಕ್ಕೆ ಅಪಾಯವಿಲ್ಲವಂತೆ. ಥೂ, ಮಾನಗೆಟ್ಟದ್ದು ಅನಿಸಿತು. ಆದರೆ ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು, ಮೂವರೂ ಒಟ್ಟಿಗೆ ಬಿಟ್ಟೆವು. ಎಕ್ಸ್‌ರೇ ನಕ್ಕಳು. ನಾನೂ ನಕ್ಕುಬಿಟ್ಟೆ, ಆಮೇಲೆ ತುಟಿ ಕಚ್ಚಿಕೊಂಡೆ.

ನವೆಂಬರ್ 13, ಭಾನುವಾರ

ತೊಟ್ಟಿಯ ನೀರಿನಲ್ಲಿ ಸ್ವಲ್ಪ ತೆಗೆದು ಹೊಸ ಉಪ್ಪುನೀರು ಹಾಕುವ ಕೆಲಸ ಒಬ್ಬರ ಕೈಯಲ್ಲಿ ಆಗುವುದಲ್ಲ. ಮಗಳಿಗೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ, ಕರೆದರೆ ಬಂದೆ ಅನ್ನುತ್ತಾಳೆ, ಬರುವುದಿಲ್ಲ. ಆದ್ದರಿಂದ ಎಕ್ಸ್‌ರೇ ಪ್ರತಿ ಭಾನುವಾರ ಕ್ಯಾನಿನಲ್ಲಿ ಶುದ್ಧ ನೀರು ತರುತ್ತಾಳೆ, ನಾನು ಉಪ್ಪು ಕಲಸುತ್ತೇನೆ. ಕೆಲಸದವಳು ಸಿಕ್ಕಿದ ಹಾಗಾಯಿತು ಎಂದುಕೊಳ್ಳುತ್ತೇನೆ.

ಮೀನುಗಳಿಗೆ ನಾನಿಟ್ಟ ಹೆಸರು ಅವಳಿಗೆ ಗೊತ್ತಾಗಿ ಫಜೀತಿ ಆಯಿತು. ದೊಡ್ಡದು ಸದಾ ಗದರಿಸುತ್ತದೆ, ಚಿಕ್ಕದು ಸದಾ ತಗ್ಗಿಬಗ್ಗಿ ನಡೆಯುತ್ತದೆ, ಹಾಗಾಗಿ ಅತ್ತೆ, ಅಳಿಯ. ಕೇಳಿ ಗಂಭೀರವಾಗಿ ನನ್ನನ್ನು ನೋಡಿದಳು.

"ಮುಂದೆ ಇವೆರಡೂ ಸೇರಿ ಮೊಟ್ಟೆ ಇಟ್ರೆ ನೆಂಟರಿಗೆ ಏನಂತ ಹೇಳೋದು?"

ನಾನು ನಕ್ಕು ನಕ್ಕು ಉಪ್ಪಿನ ಚಮಚ ಬಕೆಟ್ಟಿಗೆ ಬೀಳಿಸಿದೆ. ಮಗಳು ಕೋಣೆಯಿಂದ ಇಣುಕಿ, ಏನಾಯ್ತು ಅಂದಳು. ಏನಿಲ್ಲ ಅಂದೆವು ಇಬ್ಬರೂ. ಬಾಗಿಲು ಹಾಕಿಕೊಂಡಳು.

ಡಿಸೆಂಬರ್ 28, ಬುಧವಾರ

ರಜೆಗೆ ಎಲ್ಲರೂ ಪ್ರವಾಸ ಹೋಗಿದ್ದಾರೆ. ಮಗಳು, ಅವಳ ಅಪ್ಪ, ಎಕ್ಸ್‌ರೇ ಮೇಡಂ. ಫೋಟೋ ಕಳಿಸಿದ್ದಾಳೆ ಮಗಳು, ಮೂವರೂ ಒಂದೇ ಕಂಬಳಿ ಹೊದ್ದಿರುವುದು. ದಿನವಿಡೀ ಗಿರಾಕಿಗಳ ಮೇಲೆ ಸಿಡಿಸಿಡಿ ಮಾಡಿದೆ. ಅಂಗಡಿಯ ಯಜಮಾನರು, ಒಬ್ಬ ಅಜ್ಜನ ಕಿವಿಗೆ ಕನ್ನಡಕದ ಕಡ್ಡಿ ಒತ್ತಿ ನೋವು ಮಾಡಿದೆಯಲ್ಲಮ್ಮ, ಏನಾಗಿದೆ ನಿಂಗೆ ಎಂದರು.

ಮನೆಗೆ ಬಂದರೆ ಅತ್ತೆ ನೆಲ ಹಿಡಿದು ಕೂತಿದೆ, ಏದುಸಿರು. ಅಳಿಯ ಊಟ ಮುಟ್ಟಿಲ್ಲ. ನೀರಿನ ಉಪ್ಪು ಅಳೆಯುವ ಮಾಪಕ ನೋಡಿದರೆ ಮುಳ್ಳು ಎಲ್ಲೋ ಮೇಲೆ ಹೋಗಿ ಕೂತಿದೆ. ನಾನೇ ಫೋನ್ ಮಾಡಿದೆ, ಮಗಳಿಗಲ್ಲ, ನೇರ ಎಕ್ಸ್‌ರೇ ಅವರಿಗೆ. ಈವರೆಗೆ ಹಾಗೆ ಮಾಡಿರಲಿಲ್ಲ.

ಏನು ಮಾಡಿದಿರಿ ಎಂದು ಒಂದೊಂದಾಗಿ ಕೇಳಿದರು. ನೀರು ಆರಿ ಕಡಿಮೆಯಾಗಿತ್ತು, ಉಪ್ಪುನೀರು ಕಲಸಿ ತುಂಬಿಸುತ್ತಾ ಬಂದೆ ಅಂದೆ. ಆಗ ಅವರು ಬಿಡಿಸಿ ಹೇಳಿದರು. ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆರಿದ್ದಕ್ಕೆ ಸಪ್ಪೆ ನೀರನ್ನೇ ತುಂಬಬೇಕು. ನಾನು ದಿನಾ ಉಪ್ಪಿನ ಮೇಲೆ ಉಪ್ಪು ಸುರಿದಿದ್ದೇನೆ.

"ಮದುವೆಗೆ ಮುಂಚೆ ಮೀನು ಸಾಕ್ತಿದ್ದಾಗ ನಾನೂ ಮೊದಲನೇ ವರ್ಷ ಇದೇ ಮಾಡಿದ್ದೆ. ನನ್ನದು ಎರಡೂ ಹೋಯ್ತು. ನೀವು ನೋಡ್ಕೊಂಡ್ರಿ, ನಾನು ನೋಡ್ಕೊಳ್ಳಲಿಲ್ಲ," ಅಂದರು.

ಫೋನ್ ಕಿವಿಗಿಟ್ಟುಕೊಂಡೇ ಒಂದೊಂದು ಲೋಟ ತೆಗೆದು, ಒಂದೊಂದು ಲೋಟ ಸಪ್ಪೆ ನೀರು ಹಾಕುತ್ತಾ ಬಂದೆ. ಅವಸರ ಮಾಡಬೇಡಿ, ಒಂದೇ ಸಲ ಉಪ್ಪು ಇಳಿಸಿದರೆ ಮೀನು ಅದನ್ನೂ ತಡೆಯೋಲ್ಲ ಎಂದರು. ಮಧ್ಯೆ ಏನೇನೋ ಮಾತು. ಪ್ರವಾಸದಲ್ಲಿ ಇವಳ ಅಪ್ಪ ನಕ್ಷೆ ಹಿಡಿದು ದಾರಿ ತಪ್ಪಿಸಿದ್ದು, ತಪ್ಪಿಸಿಯೂ ತನ್ನದೇ ಸರಿ ಎಂದಿದ್ದು. ಹದಿನಾಲ್ಕು ವರ್ಷ ಆ ನಕ್ಷೆಯ ಹಿಂದೆ ತಿರುಗಿದವಳು ನಾನು, ನನಗೆ ಹೇಳಬೇಕೆ ಅಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅತ್ತೆ ಎದ್ದು ಈಜಿದ ಮೇಲೆ ಫೋನ್ ಇಟ್ಟೆ. ಮಲಗುವಾಗ ನೆನಪಾಯಿತು, ಮಗಳಿಗೆ ಕೊಡಿ ಎಂದು ಕೇಳಲೇ ಇಲ್ಲ.

ಜನವರಿ 15, ಭಾನುವಾರ

ಆ ಜಾರುವ ಕನ್ನಡಕ ನೋಡಿ ನೋಡಿ ಸಾಕಾಗಿತ್ತು. ನೀರಿಗೆ ಬಗ್ಗಿದಾಗಲೆಲ್ಲ ಒಂದು ಕೈ ಅದಕ್ಕೇ ಮೀಸಲು. ಇವತ್ತು ಅಂಗಡಿಯಿಂದ ಅಳತೆಪಟ್ಟಿ ತಂದಿದ್ದೆ. ಕಿಟಕಿಯ ಬಳಿ ಕೂರಿಸಿ, ಎರಡು ಕಣ್ಣಿನ ನಡುವಿನ ಅಳತೆ, ಮೂಗಿನ ಅಗಲ, ಕಿವಿಯವರೆಗಿನ ಉದ್ದ ಎಲ್ಲ ತಗೊಂಡೆ. ಒಂದು ಕಿವಿ ಇನ್ನೊಂದಕ್ಕಿಂತ ಕೊಂಚ ಕೆಳಗಿದೆ, ಯಾರೂ ಗಮನಿಸಿರಲಿಲ್ಲವಂತೆ. ದಿನವೆಲ್ಲ ಬೇರೆಯವರ ಎಲುಬಿನ ಫೋಟೋ ತೆಗೆಯುವವರಿಗೆ ತಮ್ಮ ಕಿವಿ ಗೊತ್ತಿಲ್ಲ ಎಂದು ಕೀಟಲೆ ಮಾಡಿದೆ.

ಹೊಸ ಗಾಜನ್ನು ನಾನೇ ಕೂತು ಉಜ್ಜಿ, ಫ್ರೇಮಿಗೆ ಕೂರಿಸಿ ಕೊಡುತ್ತೇನೆ ಅಂದೆ, ಬರುವ ಭಾನುವಾರಕ್ಕೆ.

ಮಗಳು ಅಡುಗೆಮನೆಗೆ ಬಂದು, "ನನ್ನ ಕನ್ನಡಕ ಮುರಿದಾಗ ಒಂದು ತಿಂಗಳು ಅಂಟು ಹಾಕ್ಕೊಂಡು ಓಡಾಡ್ಸಿದ್ದೆ," ಅಂದಳು. ಈ ವಯಸ್ಸಿನ ಮಕ್ಕಳಿಗೆ ಎಲ್ಲದಕ್ಕೂ ಮುನಿಸು.

ಫೆಬ್ರವರಿ 5, ಭಾನುವಾರ

ಮೊದಲೆಲ್ಲ ಮಗಳನ್ನು ಕತ್ತಲಾದ ಮೇಲೆ ತಂದು ಬಿಡುತ್ತಿದ್ದರು. ಈಗ ಮಧ್ಯಾಹ್ನಕ್ಕೇ ಬರುತ್ತಾರೆ. ಅಂದರೆ ನನಗೆ ಮಗಳು ಅರ್ಧ ದಿನ ಹೆಚ್ಚು ಸಿಕ್ಕಳು. ಇವಳ ಅಪ್ಪ ಇದನ್ನಿನ್ನೂ ಗಮನಿಸಿಲ್ಲ, ಗಮನಿಸಿದರೆ ಲೆಕ್ಕ ಕೇಳುತ್ತಾನೆ.

ಅತ್ತೆ ಈಗ ಹೊಟ್ಟೆ ತುಂಬಿಕೊಂಡಂತೆ ಕಾಣುತ್ತದೆ. ನಾನೂ ಅವರೂ ಎರಡು ಸ್ಟೂಲು ಹಾಕಿಕೊಂಡು ಸಂಜೆಯವರೆಗೆ ನೋಡಿದೆವು. ನನ್ನ ಹಾಗೆ ಗಾಜಿಗೆ ಮೂಗು ಒತ್ತಿ ನೋಡುವವರು ಇನ್ನೊಬ್ಬರು ಸಿಕ್ಕಿರಲಿಲ್ಲ ಅಂದರು. ಹೊಸ ಕನ್ನಡಕ ಒಂದಿಷ್ಟೂ ಜಾರುವುದಿಲ್ಲ.

ಮಗಳು ಕೋಣೆಯಲ್ಲಿದ್ದಳು.

ಫೆಬ್ರವರಿ 26, ಭಾನುವಾರ

ಮಗಳು ಬಸ್ಸಿನಲ್ಲಿ ಒಬ್ಬಳೇ ಬಂದಳು. ಅವರಿಗೆ ಬಿಡುವಿಲ್ಲವಂತೆ. ಏನು ಅಂಥ ಕೆಲಸ ಎಂದೆ. ಆಸ್ಪತ್ರೆಯ ನರ್ಸ್ ಒಬ್ಬಳು ಹೊಸದಾಗಿ ತೊಟ್ಟಿ ಇಟ್ಟಿದ್ದಾಳಂತೆ, ಅವಳಿಗೆ ನೀರು ಹದ ಮಾಡಿಕೊಡಲು ಹೋಗಿದ್ದಾರಂತೆ.

ನನಗೆ ಒಂದು ಮಾತು ಹೇಳಲಿಲ್ಲ. ಯಾರು ಆ ನರ್ಸು? ಎಷ್ಟಡಿ ತೊಟ್ಟಿ? ಮಗಳನ್ನು ಕೇಳಿದರೆ, ನಂಗೇನು ಗೊತ್ತು, ಅವರನ್ನೇ ಕೇಳು, ಹೇಗೂ ದಿನಾ ಮೆಸೇಜ್ ಮಾಡ್ತೀಯಲ್ಲ ಅಂದಳು. ದಿನಾ ಎಲ್ಲಿ ಮಾಡುತ್ತೇನೆ? ನೀರನ್ನು ಒಬ್ಬಳೇ ಬದಲಾಯಿಸಿದೆ, ನೆಲವೆಲ್ಲ ಚೆಲ್ಲಿತು. ಮನೆ ಬಿಕೋ ಎನ್ನುತ್ತಿತ್ತು.

ಮಾರ್ಚ್ 19, ಭಾನುವಾರ

ನರ್ಸಿನ ತೊಟ್ಟಿ ಒಂದೂವರೆ ಅಡಿಯದು, ಅದೂ ಸಿಹಿನೀರಿನದು. ಮಣ್ಣಂಗಟ್ಟಿ ತೊಟ್ಟಿ. ನಾನೇ ಕೇಳಿ ತಿಳಿದುಕೊಂಡೆ.

ಪರೀಕ್ಷೆ ಹತ್ತಿರ ಬಂತು. ಮಗಳು ನಾಲ್ಕು ಮಾತು ಕೇಳಿದರೆ ಒಂದಕ್ಕೆ ಉತ್ತರ. ಅಲ್ಲಿ ಏನಾದರೂ ಆಸೆ ತೋರಿಸಿ ತಲೆ ತಿರುಗಿಸುತ್ತಿದ್ದಾರೋ ಎಂದು ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಮತ್ತೆ ಎದ್ದಿತು. ಸುತ್ತಿಬಳಸದೆ ಅವರನ್ನೇ ಕೇಳಿದೆ. ಅವರು ಕ್ಯಾನು ಕೆಳಗಿಟ್ಟು, ಅಲ್ಲೂ ಹಾಗೇ, ಬಾಗಿಲು ಹಾಕಿಕೊಂಡಿರುತ್ತಾಳೆ, ಮೀನಿಗೆ ಊಟ ಹಾಕು ಅಂದರೂ ಬರುವುದಿಲ್ಲ, ನಿಮ್ಮ ಜೊತೆಗಾದರೂ ಮಾತಾಡುತ್ತಾಳೆ ಎಂದುಕೊಂಡಿದ್ದೆ ಅಂದರು. ನೋಡಿದರೆ ಅವರ ಕಣ್ಣಲ್ಲೂ ನೀರು.

"ಅವಳು ಯಾವ ಮನೆ ಅಂದ್ರೂ ನಾವಿಬ್ಬರೂ ಹೀಗೇ ಇರೋಣ," ಅಂದರು.

ನಾನು ಹೂಂ ಅಂದೆ. ಆಮೇಲೆ ಯೋಚಿಸಿದರೆ, ಆ ಮಾತಿನಲ್ಲಿ ಅವಳು ಅಲ್ಲಿಗೇ ಹೋಗುತ್ತಾಳೆ ಎಂಬ ಸೂಚನೆ ಇತ್ತೇನೋ. ನಿದ್ದೆ ಬರಲಿಲ್ಲ.

ಏಪ್ರಿಲ್ 14, ಶುಕ್ರವಾರ

ಪರೀಕ್ಷೆ ಮುಗಿಯಿತು. ಅಂಗಡಿಯಿಂದ ಬಂದಾಗ ಮಗಳು ತೊಟ್ಟಿಯ ಮುಂದೆ, ಅವರ ಸ್ಟೂಲಿನ ಮೇಲೆ ಕೂತಿದ್ದಳು. ಎಷ್ಟೋ ದಿನದ ಮೇಲೆ ಅವಳನ್ನು ಅಲ್ಲಿ ನೋಡಿದ್ದು. ನಾನು ಇನ್ನೂ ಬ್ಯಾಗು ಇಟ್ಟಿರಲಿಲ್ಲ.

"ನಾನು ಇಲ್ಲೇ ಇರ್ತೀನಿ. ಅಪ್ಪಂಗೆ ಹೇಳಿದೀನಿ," ಅಂದಳು.

ಬ್ಯಾಗು ಅಲ್ಲೇ ಬಿಟ್ಟೆ. ಅವಳ ತಲೆ ಎಳೆದು ಎದೆಗೆ ಒತ್ತಿಕೊಂಡೆ. ಇಷ್ಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕೆಂಡ ಆರಿದ ಹಾಗಾಯಿತು. ಅವಳು ಬಿಡಿಸಿಕೊಂಡು, ಒಂದು ಮಾತು ಇದೆ ಅಂದಳು. ಏನು ಬೇಕಾದರೂ ಕೇಳು ಅಂದೆ.

"ಆಂಟಿ ಇಲ್ಲಿಗೆ ಬರಬಾರದು. ನೀನೂ ಅವರಿಗೆ ಫೋನ್ ಮಾಡಬಾರದು."

ಒಂದು ಕ್ಷಣ ನನಗೆ ಅನಿಸಿದ್ದನ್ನು ಬರೆದುಬಿಡುತ್ತೇನೆ: ಕೊನೆಗೂ ಅವಳ ಬಣ್ಣ ಮಗಳಿಗೆ ತಿಳಿಯಿತು ಅನಿಸಿತು. ಯಾಕೆ, ಏನಂದರು, ಏನು ಮಾಡಿದರು ಎಂದು ಕೇಳಿದೆ. ಏನೂ ಮಾಡಿಲ್ಲ ಅಂದಳು, ತೊಟ್ಟಿಯನ್ನೇ ನೋಡುತ್ತಾ.

"ಅವರು ನನ್ನವರು. ನೀನೂ ಅಪ್ಪನೂ ಬೇರೆ ಆದ್ಮೇಲೆ ನಂಗೇ ಅಂತ ಸಿಕ್ಕಿದ್ದು ಅವರೊಬ್ಬರೇ. ಮೀನು ನಾನೂ ಅವರೂ ಸೇರಿ ತಂದಿದ್ದು. ನೀನು ಮೊದಲು ಮೀನು ತಗೊಂಡೆ, ಆಮೇಲೆ ಅವರನ್ನ ತಗೊಂಡೆ. ಈಗ ಅಲ್ಲಿಗೆ ಹೋದ್ರೂ ಅಮ್ಮ ಹೇಗಿದಾರೆ, ಅಮ್ಮ ಏನಂದ್ರು, ಇದೇ. ಭಾನುವಾರ ನನ್ನ ದಿನ ಆಗಿತ್ತು."

ನಿನಗೆ ಅವರು ಬೇಕಿದ್ದರೆ ಅಲ್ಲೇ ಇರಬಹುದಿತ್ತಲ್ಲ ಎಂದೆ. ನಾನಲ್ಲಿಗೆ ಹೋದ್ರೆ ನೀವಿಬ್ಬರೂ ಇಲ್ಲಿ ಕೂತ್ಕೋತೀರಿ ಅಂದಳು. ನಾನು ಇಲ್ಲೇ ಇದ್ದು ಬೇಡ ಅಂದ್ರೆ ಅವರು ಬರಲ್ಲ.

ಅಂದರೆ ನನ್ನ ಮೇಲಿನ ಪ್ರೀತಿಗಲ್ಲ, ಕಾವಲಿಗೆ. ಬೆಂಕಿ ಆರಿತು ಎಂದುಕೊಂಡಿದ್ದು ಅಷ್ಟೇ. ಹನ್ನೊಂದು ತಿಂಗಳಿಗೆ ನಡೆದವಳು, ನನ್ನ ಬೆರಳು ಹಿಡಿದು ನಡೆದವಳು, ಈಗ ನನ್ನನ್ನು ದಾಯಾದಿಯ ಹಾಗೆ ನೋಡುತ್ತಿದ್ದಾಳೆ. ಆದರೆ ಆ ಮುಖದ ಗುರುತು ಸಿಕ್ಕಿತು. ಬಿಗಿದ ದವಡೆ, ಊದಿದ ಮೂಗು. ಕನ್ನಡಿಯಲ್ಲಿ ನೋಡುವ ಮುಖವೇ.

ಆಯಿತು ಅಂದೆ. ಬೇರೆ ಏನು ಹೇಳಬಹುದಿತ್ತು?

ಏಪ್ರಿಲ್ 15, ಶನಿವಾರ

ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಇಷ್ಟು ಕಳಿಸಿದೆ: ನಾಳೆಯಿಂದ ಬರಬೇಡಿ, ನೀರಿನ ಕೆಲಸ ನಾನೇ ನೋಡಿಕೊಳ್ಳುತ್ತೇನೆ, ಕೆಲವು ದಿನ ಫೋನೂ ಬೇಡ.

ತುಂಬಾ ಹೊತ್ತಿನ ಮೇಲೆ ಉತ್ತರ ಬಂತು. ಸರಿ. ಅವಳು ಹೇಳಿದಳು, ಅರ್ಥವಾಗುತ್ತೆ.

ಏನು ಅರ್ಥವಾಯಿತಂತೆ? ಇಷ್ಟು ಸುಲಭವಾಗಿ ಸರಿ ಅನ್ನಬೇಕಿತ್ತೇ? ನಾಲ್ಕು ಮಾತು ಜಗಳ ಆಡಬಹುದಿತ್ತು. ಮಗಳು ಕೇಳಿದ್ದಕ್ಕೆ ಬಿಟ್ಟುಕೊಟ್ಟರು, ನನಗಾಗಿ ಹಟ ಹಿಡಿಯಲಿಲ್ಲ.

ಏಪ್ರಿಲ್ 23, ಭಾನುವಾರ

ನೀರು ಬದಲಾಯಿಸಿದೆ.

ಏಪ್ರಿಲ್ 30, ಭಾನುವಾರ

ಮಗಳು ಕತ್ತಲಾದ ಮೇಲೆ ಬಂದಳು, ಗುನುಗುತ್ತಾ. ಆಂಟಿ ಜೊತೆ ಈಜುಕೊಳಕ್ಕೆ ಹೋಗಿದ್ದಳಂತೆ, ಇಬ್ಬರೇ. ಚೆನ್ನಾಗಿತ್ತಾ ಎಂದೆ. ತುಂಬಾ ಎಂದಳು. ರಾತ್ರಿ ನನ್ನ ಹಾಸಿಗೆಯಲ್ಲೇ ಬಂದು ಮಲಗಿದಳು, ಚಿಕ್ಕವಳಿದ್ದಾಗಿನ ಹಾಗೆ ಕಾಲು ನನ್ನ ಮೇಲೆ ಹಾಕಿ. ನಾನು ಬೇಡಿಕೊಂಡಿದ್ದೆಲ್ಲ ನನ್ನ ಪಕ್ಕದಲ್ಲೇ ಮಲಗಿತ್ತು. ಆದರೂ ನನ್ನ ಯೋಚನೆಯೆಲ್ಲ ಆ ಈಜುಕೊಳದ ಸುತ್ತಲೇ. ನೀರಿಗಿಳಿಯುವಾಗ ಅವರು ಕನ್ನಡಕ ಎಲ್ಲಿಟ್ಟಿರುತ್ತಾರೆ, ಯಾರ ಕೈಗೆ ಕೊಟ್ಟಿರುತ್ತಾರೆ ಎಂದು.

ಮೇ 8, ಸೋಮವಾರ

ಮೊಟ್ಟೆ ಇಟ್ಟಿವೆ!

ಬೆಳಗ್ಗೆ ಊಟ ಹಾಕಲು ಹೋದರೆ ಅಳಿಯ ಮೇಲೆ ಬರಲಿಲ್ಲ. ಕಲ್ಲಿನ ಒಂದು ಕಡೆ ಅಂಗೈಯಗಲ ಕಿತ್ತಳೆ ಚುಕ್ಕಿಗಳು, ಒತ್ತೊತ್ತಾಗಿ. ಅವನು ರೆಕ್ಕೆಯಿಂದ ಗಾಳಿ ಹಾಕುತ್ತಿದ್ದಾನೆ, ಬಾಯಿಂದ ಒಂದೊಂದನ್ನೇ ಒರೆಸುತ್ತಿದ್ದಾನೆ. ಅತ್ತೆ ಸುತ್ತ ಪಹರೆ. ಕೈ ಹಾಕಿದರೆ ನನ್ನನ್ನೇ ಕಚ್ಚಿತು.

ನನಗೆ ಗೊತ್ತಿಲ್ಲದೆಯೇ ಫೋನ್ ಕೈಗೆ ಬಂದು ಅವರ ನಂಬರು ಒತ್ತಿತ್ತು. ಆ ಕಡೆ ಒಂದು ಸಲ ರಿಂಗಾಯಿತು. ಮಗಳ ಕೋಣೆಯ ಬಾಗಿಲು ನೋಡಿದೆ, ತಟ್ಟನೆ ಕಟ್ ಮಾಡಿದೆ. ತಕ್ಷಣ ಅವರೇ ವಾಪಸ್ ಮಾಡಿದರು. ಕೈಯಲ್ಲಿ ಹಿಡಿದುಕೊಂಡು, ಅದು ಬಡಿದುಕೊಂಡು ನಿಲ್ಲುವವರೆಗೆ ನಿಂತಿದ್ದೆ.

ಮೇ 12, ಶುಕ್ರವಾರ

ಮೊಟ್ಟೆಗಳ ಬಣ್ಣ ಇಳಿದಿದೆ. ಗಾಜಿಗೆ ಮೂಗು ಒತ್ತಿ, ಅಂಗಡಿಯ ದಪ್ಪ ಮಸೂರ ಹಿಡಿದು ನೋಡಿದರೆ ಪ್ರತಿ ಮೊಟ್ಟೆಯೊಳಗೂ ಎರಡು ಬೆಳ್ಳಿ ಚುಕ್ಕಿ. ಕಣ್ಣು ಬಂದಿದೆ. ಇನ್ನು ಮೂರೋ ನಾಲ್ಕೋ ದಿನ.

ಸಂಜೆ ಮಗಳು ಕೋಣೆಯಲ್ಲಿ ಫೋನಿನಲ್ಲಿದ್ದಳು. ದನಿಯಿಂದಲೇ ತಿಳಿಯಿತು ಯಾರ ಜೊತೆ ಎಂದು. ಹೌದು ಆಂಟಿ, ಮೊಟ್ಟೆ ಇಟ್ಟಿವೆ. ತುಂಬಾ. ಗೊತ್ತಿಲ್ಲ, ಕಿತ್ತಳೆ ಇರ್ಬೇಕು. ಆಮೇಲೆ ನಗು. ಕಿತ್ತಳೆ ಅಲ್ಲ, ಅದು ಸೋಮವಾರದ ಮಾತು. ಅವಳು ನೋಡಿದ್ದು ಒಂದೇ ಸಲ. ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಒದ್ದೆ ಕೈಯಲ್ಲಿ ಬಾಗಿಲ ಹೊರಗೆ ನಿಂತೆ. ಕಣ್ಣು ಬಂದಿದೆ ಎಂದು ಯಾರಾದರೂ ಅವರಿಗೆ ಹೇಳಬೇಡವೇ? ಆ ಕಡೆಯವರ ಮಾತು ಕೇಳಿಸುತ್ತಿರಲಿಲ್ಲ, ಮಗಳ ನಗು ಮಾತ್ರ. ನನ್ನ ಸ್ವಂತ ಮಗಳ ಮೇಲೆ ನನಗೆ ಹೊಟ್ಟೆಕಿಚ್ಚು.

ಹೊರಗೆ ಬಂದವಳನ್ನು ಕೇಳಬಾರದು ಎಂದುಕೊಂಡೇ ಕೇಳಿದೆ.

"ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"

"ಇಲ್ಲ," ಅಂದಳು, ನನ್ನ ಕಡೆ ನೋಡದೆ, ಫ್ರಿಜ್ ತೆರೆಯುತ್ತಾ.

ದೇವರೇ, ಅವಳು ಸುಳ್ಳು ಹೇಳಿರಲಿ.